ಗ್ಯಾಸ್ಕೆಟ್ ನೋಡುವ ಶಾಸ್ತ್ರ

ನಮ್ಮ ತಾಯಿಯ ಕಡೆಯವರಿಗೆಲ್ಲ ಒಂದು ಚಾಳಿ ಇದೆ. ಯಾರಾದರೂ ಮದುವೆ ಕಾಗದ ಕೊಟ್ಟರೆ ನಾವು ಮೊದಲು ಅದನ್ನು ಓದುವುದಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತುತ್ತೇವೆ. ಒಂದು ಮೂಲೆ ಮಡಚಿ ಬಿಟ್ಟು, ಅದು ಮತ್ತೆ ನೆಟ್ಟಗಾಗುತ್ತದೋ ಎಂದು ನೋಡುತ್ತೇವೆ. ದಪ್ಪ ಸಾಕು ಅನಿಸಿದರೆ ನಮ್ಮ ಮುಖ ಅರಳುತ್ತದೆ. ಕಾಗದ ಕೊಟ್ಟವರು, ‘ಎಷ್ಟು ಪ್ರೀತಿಯ ಜನ, ನಮ್ಮ ಮಗಳ ಮದುವೆಗೆ ಇವರಿಗೆಷ್ಟು ಸಂತೋಷ’ ಎಂದುಕೊಂಡು ಹೋಗುತ್ತಾರೆ. ಪಾಪ, ಅವರಿಗೇನು ಗೊತ್ತು? ಅದರಲ್ಲಿ ಗ್ಯಾಸ್ಕೆಟ್ ಆಗುತ್ತದೋ ಇಲ್ಲವೋ ಎಂಬುದಷ್ಟೇ ನಮ್ಮ ಚಿಂತೆ.

ಈ ಚಾಳಿ ಹಚ್ಚಿದವನು ನನ್ನ ಸೋದರಮಾವ, ಮಾವಳ್ಳಿಯ ಮಂಜುಮಾವ. ಹರೆಯದಿಂದಲೂ ದೋಣಿಯ ಇಂಜಿನ್ ನೋಡಿಕೊಂಡವನು. ಅವನ ಪ್ರಕಾರ ಈ ಸೃಷ್ಟಿಯಲ್ಲಿ ಎರಡೇ ಬಗೆಯ ಯಂತ್ರಗಳು, ಒಂದು ದೋಣಿಯದ್ದು, ಇನ್ನೊಂದು ದೋಣಿಯದ್ದಲ್ಲದ್ದು. ಎರಡನೆಯದ್ದು ಮೊದಲನೆಯದರಿಂದ ಬುದ್ಧಿ ಕಲಿಯಬೇಕು. ನಾನು ಸಣ್ಣವನಿದ್ದಾಗ ರಜೆಗೆ ಅವನ ಮನೆಗೆ ಹೋದರೆ ಜಗಲಿಯ ತುಂಬ ಸೀಮೆಎಣ್ಣೆ ಮತ್ತು ಒಣಮೀನಿನ ವಾಸನೆ. ಮಾವ ನೀರಿನ ಪಂಪನ್ನು ಮಡಿಲಲ್ಲಿಟ್ಟುಕೊಂಡು, ಅದರ ಬಾಯಿಯ ಮೇಲೆ ದಪ್ಪ ಕಾಗದ ಹರಡಿ, ಸಣ್ಣ ಸುತ್ತಿಗೆಯಿಂದ ಅಂಚಿನ ಗುಂಟ ಟಕಟಕ ಬಡಿಯುತ್ತ ಹೋಗುತ್ತಿದ್ದ. ಕಬ್ಬಿಣದ ಅಂಚೇ ಕತ್ತರಿಯಾಗಿ ಕಾಗದ ಅಚ್ಚಿನ ಹಾಗೆ ಕಳಚಿ ಬರುತ್ತಿತ್ತು, ಅದೇ ಗ್ಯಾಸ್ಕೆಟ್. ಅದಕ್ಕೆ ಗ್ರೀಸ್ ಸವರಿ ಎರಡು ಕಬ್ಬಿಣದ ಮುಖಗಳ ನಡುವೆ ಕೂರಿಸಿ ಬೋಲ್ಟು ಬಿಗಿದರೆ ಒಂದು ಹನಿ ಸೋರುತ್ತಿರಲಿಲ್ಲ. ಅತ್ತೆ ನೀರುದೋಸೆ ಎಬ್ಬಿಸುವುದನ್ನು ನೋಡಿದಷ್ಟೇ ಖುಷಿ ನನಗೆ ಇದನ್ನು ನೋಡುವಾಗಲೂ ಆಗುತ್ತಿತ್ತು.

ಒಂದೇ ತೊಂದರೆ. ಆ ಕಾಲಕ್ಕೆ ನಮ್ಮ ಕೇರಿಯಲ್ಲಿ ದಪ್ಪ ಕಾಗದವೆಂದರೆ ಮದುವೆ ಕಾಗದವೇ. ಒಮ್ಮೆ ಶಿರಾಲಿಯ ಹತ್ತಿರದ ನೆಂಟರೊಬ್ಬರ ಮದುವೆಗೆ ಮನೆಮಂದಿಯೆಲ್ಲ ಹೊರಟೆವು. ಮುಹೂರ್ತ ಯಾವತ್ತು ಎಂದು ಅತ್ತೆ ಕೇಳಿದಾಗ ಮಾವ ಮನೆಯಲ್ಲಿ ಉಳಿದಿದ್ದ ಕಾಗದದ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, ‘ಶುಕ್ರವಾರ ಇರೂಕೆ ಬೇಕು’ ಅಂದ. ತಾರೀಕು ಇದ್ದ ಜಾಗದಲ್ಲಿ ಬೋಲ್ಟಿನ ತೂತಿತ್ತು. ಮದುಮಗಳ ಹೆಸರು ಪಂಪಿನೊಳಗೆ, ಮದುಮಗನ ಹೆಸರು ಜಗಲಿಯ ಮೇಲೆ. ನಾವು ರೇಷ್ಮೆ ಉಟ್ಟು ಹೂ ಮುಡಿದು ಹೋಗಿ ಇಳಿಯುವಾಗ ಅಲ್ಲಿ ಚಪ್ಪರ ಬಿಚ್ಚುತ್ತಿದ್ದರು, ಹೆಂಗಸರು ಕೊಪ್ಪರಿಗೆ ತಿಕ್ಕುತ್ತಿದ್ದರು. ಮದುವೆ ಗುರುವಾರವೇ ಮುಗಿದಿತ್ತು. ಉಳಿದ ಪಾಯಸ ಬಿಸಿ ಮಾಡಿ ಬಡಿಸಿದರು. ಮಾವ ಎರಡು ಸಲ ಹಾಕಿಸಿಕೊಂಡು, ‘ಪಂಪು ಮಾತ್ರ ಸೋರೂದಿಲ್ಲ ನೋಡು’ ಎಂದು ನನ್ನ ಕಿವಿಯಲ್ಲಿ ಹೇಳಿದ.

ಹೀಗೆ ಬೆಳೆದ ನಾನು ಹೊನ್ನಾವರದ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟೆ. ಅಂಗಡಿಯಲ್ಲಿ ಮೊಳೆಗೆ ಜೋತುಬಿದ್ದಿರುವ ಕುಕ್ಕರ್ ಗ್ಯಾಸ್ಕೆಟ್ಟುಗಳೆಂದರೆ ನನಗೆ ವಿಶೇಷ ಅಭಿಮಾನ. ಗಿರಾಕಿ ಬಂದು ಕೈಯಲ್ಲಿ ಗಾಳಿಯಲ್ಲೊಂದು ಸುತ್ತು ಬರೆದು, ‘ಇಷ್ಟು ದೊಡ್ಡದು’ ಎಂದರೆ ಸಾಕು, ಸರಿಯಾದದ್ದನ್ನೇ ತೆಗೆದುಕೊಡುತ್ತೇನೆ. ಹತ್ತರಲ್ಲಿ ಐದು ಜನ ಮಾರನೇ ದಿನ ಬದಲಾಯಿಸಲು ಬರುತ್ತಾರೆ ಎಂಬುದು ಬೇರೆ ಮಾತು. ಆದ್ದರಿಂದ ನನ್ನ ಕಾರಿನ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಗೊತ್ತಾದಾಗ ನಾನು ಗಾಬರಿಯಾಗಲಿಲ್ಲ. ಗ್ಯಾಸ್ಕೆಟ್ ತಾನೆ, ನಮ್ಮ ಕುಲಕಸುಬು ಎಂದುಕೊಂಡೆ.

ಕಾರಿನ ವಿಷಯ ಹೇಳಲೇಬೇಕು. ಮಾಡಿದ ಕಂಪನಿಯ ಹೆಸರು ಬೇಡ, ಅವರೇ ಅದನ್ನು ಮರೆತಿದ್ದಾರೆ. ಹಳೆಯ ಡೀಸೆಲ್ ಗಾಡಿ, ಟರ್ಬೊ ಇದ್ದದ್ದು. ಟರ್ಬೊ ಅಂದರೆ ಎಂತ ಎಂದು ಮಂಜುಮಾವ ಕೇಳಿದಾಗ ನಾನು ಹೀಗೆ ವಿವರಿಸಿದ್ದೆ: ಇಂಜಿನ್ನಿಂದ ಹೊರಗೆ ಹೋಗುವ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಹೊರಗಿನ ಗಾಳಿಯನ್ನು ಇಂಜಿನ್ನಿನೊಳಗೆ ಒತ್ತಿ ತುಂಬುತ್ತದೆ, ಒಲೆಗೆ ಊದುಗೊಳವೆ ಹಿಡಿದ ಹಾಗೆ. ಬೆಂಕಿ ಜೋರಾಗುತ್ತದೆ, ಒತ್ತಡವೂ ಜೋರು. ಮಾವ ಯೋಚಿಸಿ, ‘ಹಾಗಾದ್ರೆ ಅದು ತನ್ನ ಹೊಗೆಯಿಂದ ತಾನೇ ಉಬ್ಬೂದು. ನಿನ್ನ ಭಾವನ ಹಾಗೆ’ ಅಂದ. ಭಾವ ಎಂದರೆ ಶಿರಾಲಿಯಲ್ಲಿರುವ ನನ್ನ ಅಕ್ಕನ ಗಂಡ. ಇದಕ್ಕಿಂತ ಚೆನ್ನಾಗಿ ಅವರನ್ನು ಪರಿಚಯಿಸುವುದು ನನ್ನಿಂದ ಸಾಧ್ಯವಿಲ್ಲ.

ಆ ಟರ್ಬೊ ಗೇರು ಬದಲಿಸುವಾಗ ಸಣ್ಣಗೆ ಸಿಳ್ಳೆ ಹಾಕುತ್ತದೆ. ಅಕ್ಕನ ಮಗಳು ಅಶ್ವಿನಿ ಮಗುವಾಗಿದ್ದಾಗ ಭಾನುವಾರ ಅವಳನ್ನು ಇದರಲ್ಲಿ ಕೂರಿಸಿಕೊಂಡು ಮುರ್ಡೇಶ್ವರದ ಕಡಲ ದಂಡೆಗೆ ಹೋಗುತ್ತಿದ್ದೆ. ಅವಳು ಇದಕ್ಕೆ ಸಿಳ್ಳೆ ಕಾರು ಎಂದು ಹೆಸರಿಟ್ಟಳು. ‘ಮಾವ, ನನ್ ಮದುವೆಗೂ ಸಿಳ್ಳೆ ಕಾರೇ ಬೇಕು’ ಎಂದು ಆಗಲೇ ಮಾತು ತೆಗೆದುಕೊಂಡಿದ್ದಳು. ಈ ಬೇಸಿಗೆಯಲ್ಲಿ ಅವಳ ಮದುವೆ ನಿಶ್ಚಯವಾಯಿತು. ಕುಮಟಾದಲ್ಲಿ ಮಂಟಪ. ಮದುಮಗಳನ್ನು ಕರೆದುಕೊಂಡು ಹೋಗುವುದು ಸೋದರಮಾವನ ಹಕ್ಕು. ಹಕ್ಕೇನೋ ನನ್ನದೇ, ಕಾರು ಮಾತ್ರ ಅಂಗಳದಲ್ಲಿ ಸತ್ತು ಬಿದ್ದಿತ್ತು.

ಭಾವ ಆಗಲೇ ಬಾಡಿಗೆಗೆ ಒಂದು ಉದ್ದನೆಯ ಹೊಸ ಕಾರು ಗೊತ್ತು ಮಾಡಿದ್ದರು. ನನ್ನ ಹೆಂಡತಿ ನಿರ್ಮಲೆ ಅವರಿಗಿಂತ ಒಂದು ಹೆಜ್ಜೆ ಮುಂದೆ. ಈ ಕಾರು ನಿಂತಲ್ಲೆಲ್ಲ ಇಳಿದು ನೂಕಿದವಳು ಅವಳು. ಮಂಕಿಯ ತಿರುವಿನಲ್ಲಿ ನೂಕಿದ್ದಾಳೆ, ಹಳದೀಪುರದ ಮಳೆಯಲ್ಲಿ ನೂಕಿದ್ದಾಳೆ, ಒಮ್ಮೆ ಜ್ವರ ಇಟ್ಟುಕೊಂಡೂ ನೂಕಿದ್ದಾಳೆ. ‘ನೋಡಿ, ರಿಪೇರಿ ಮಾಡ್ಸಿ, ನಾ ಬೇಡ ಅನ್ನೂದಿಲ್ಲ. ಆದ್ರೆ ಅಶ್ವಿನಿ ಮದುವೆಗೆ ಹೋಗೂವಾಗ ಇದು ದಾರಿಯಲ್ಲಿ ನಿಂತ್ತು ಅಂದ್ರೆ ಮಾರನೇ ದಿನ ಗುಜರಿಗೆ. ಆತಾ?’ ಅಂದಳು. ಆತು ಅಂದೆ. ಬೇರೆ ಏನನ್ನಲಿ? ಆದರೆ ನನಗೆ ಆ ಕಾರೆಂದರೆ ಪ್ರಾಣ. ನಗುವುದಾದರೆ ನಗಿ.

ಗ್ಯಾಸ್ಕೆಟ್ ಹೋದದ್ದು ಹೇಗೆ ಎಂಬುದನ್ನು ನಾನು ಅವಳಿಗೆ ಪೂರ್ತಿ ಹೇಳಿರಲಿಲ್ಲ. ಹೋದ ವರ್ಷ ಮಾವಳ್ಳಿಯಿಂದ ಬರುವಾಗ ರೇಡಿಯೇಟರಿನ ಕೊಳವೆ ಸಡಿಲಾಗಿ ನೀರೆಲ್ಲ ಚೆಲ್ಲಿಹೋಯಿತು. ಜೊತೆಗಿದ್ದವನು ಮಂಜುಮಾವ. ಕೊಳವೆಯನ್ನು ಬಿಗಿದ, ಹತ್ತಿರದ ಮನೆಯಿಂದ ಕೊಡಪಾನ ಇಸಕೊಂಡ, ಬಾವಿ ಕಣ್ಣೆದುರಿಗೇ ಇದ್ದರೂ ನೆಟ್ಟಗೆ ಸಮುದ್ರಕ್ಕೆ ನಡೆದ!

‘ಮಾವಾ, ಉಪ್ಪುನೀರು!’ ಎಂದು ನಾನು ಕೂಗಿದೆ.

‘ತಮಾ, ನಮ್ಮ ದೋಣಿ ಇಂಜಿನ್ ಹುಟ್ಟಿದಾಗಿಂದ ಇದನ್ನೇ ಕುಡಿತದೆ. ಒಂದಿನಾದ್ರೂ ಅದ್ಕೆ ನೆಗಡಿ ಆಗ್ಯದೆಯ?’

ದೋಣಿಯ ಇಂಜಿನ್ ಒಂದು ಕಡೆ ಸಮುದ್ರ ಕುಡಿದು ಇನ್ನೊಂದು ಕಡೆ ಸಮುದ್ರಕ್ಕೇ ಉಗುಳುತ್ತದೆ, ಕಾರಿನದ್ದು ಅದೇ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುತ್ತಿಸುತ್ತದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೊಡಪಾನ ಖಾಲಿಯಾಗಿತ್ತು. ಮನೆಗೆ ಹೋದಮೇಲೆ ತೊಳೆಸಿದರಾಯಿತು ಎಂದುಕೊಂಡೆ. ಮನೆಗೆ ಹೋದಮೇಲೆ ಮಳೆಗಾಲ ಬಂತು, ಅಂಗಡಿಗೆ ಹೊಸ ಸ್ಟೀಲು ಬಂತು, ಹಬ್ಬ ಬಂತು. ಕಾರಿನ ಹೊಟ್ಟೆಯಲ್ಲಿ ಸಮುದ್ರ ಹಾಗೇ ಉಳಿಯಿತು.

ಕೊನೆಗೆ ಸೈಲೆನ್ಸರಿನಿಂದ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳುಗುಳು, ಇಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣ. ಕುಮಟಾದ ವಿಠ್ಠಲ ಮೇಸ್ತ್ರಿಯ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಅವನು ಇಂಜಿನ್ನಿನ ಮೇಲಿನ ಭಾಗ, ಅಂದರೆ ಹೆಡ್ ಬಿಚ್ಚಿ ಮಗುಚಿ ಹಾಕಿದ. ನೀರಿನ ತೂತುಗಳ ಸುತ್ತ ಬಿಳಿಯ ಪುಡಿ ಕಟ್ಟಿಕೊಂಡಿತ್ತು. ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ ಒಂದು ಕಡೆ ಇಲಿ ತಿಂದ ಹಪ್ಪಳದ ಹಾಗಿತ್ತು.

‘ರಾಮಣ್ಣ, ಇದ್ಕೆ ಎಂತ ಕುಡ್ಸೀರಿ?’ ಎಂದು ನನ್ನನ್ನು ಕೇಳಿದ.

‘ನೀರು.’

‘ಎಂತಾ ನೀರು?’

ನಾನು ತಲೆಯೆತ್ತಿ ಗ್ಯಾರೇಜಿನ ಮಾಡು ನೋಡಿದೆ. ಅವನು ಪುಡಿಯನ್ನು ಉಗುರಿನಿಂದ ಕೆರೆದು, ಮೂಸಿ, ‘ಇನ್ನು ಸ್ವಲ್ಪ ಮೆಣಸು, ಹುಳಿ ಹಾಕಿದ್ರೆ ಸಾರಾಗ್ತಿತ್ತಲ ಮಾರಾಯ್ರೇ’ ಅಂದ. ಹೆಡ್ಡನ್ನು ಮಷಿನ್ನಿಗೆ ಕೊಟ್ಟು ಸಮ ಮಾಡಿಸುವುದು ತನ್ನ ಕೆಲಸ, ಗ್ಯಾಸ್ಕೆಟ್ ತರುವುದು ನಿಮ್ಮದು, ಇಷ್ಟು ಹಳೆ ಗಾಡಿಯದ್ದು ಭಟ್ಕಳದ ಶಬ್ಬೀರ್ ಭಾಯ್ ಬಿಟ್ಟರೆ ಬೇರೆಯವರಲ್ಲಿ ಸಿಗುವುದಿಲ್ಲ ಎಂದು ಹೇಳಿ ಕಳಿಸಿದ.

ಭಟ್ಕಳದ ಪೇಟೆಯ ಒಂದು ಸಂದಿಯಲ್ಲಿ ಶಬ್ಬೀರ್ ಭಾಯಿಯ ಬಿಡಿಭಾಗದ ಅಂಗಡಿ. ನಾನು ಹೋಗಿ ಕುಳಿತದ್ದೇ, ಹಾಲಿಲ್ಲದ ನಿಂಬೆ ಚಹಾ ತರಿಸಿದರು. ಆಮೇಲೆ ಶುರುವಾಯಿತು ನೋಡಿ ವಿಚಾರಣೆ. ‘ಹೆಡ್ ಕೆತ್ಸೀರಾ? ಬ್ಲಾಕಿನ ಮುಖ ಹೇಗದೆ? ಟರ್ಬೊ ಒತ್ತಡ ಯಾರಾದ್ರೂ ಜಾಸ್ತಿ ಮಾಡೀರಾ? ಪಿಸ್ಟನ್ ಎಷ್ಟು ಮೇಲೆ ಬರ್ತದೆ?’ ನಮ್ಮ ಕಡೆ ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ನಾನು ಗಿರಾಕಿಗಳ ಹಾಗೆಯೇ ಗಾಳಿಯಲ್ಲಿ ಕೈಯಾಡಿಸಿ, ‘ಇಷ್ಟುದ್ದದ್ದು, ಗಟ್ಟಿದು ಕೊಡಿ’ ಅಂದೆ.

ಅವರು ನಿಟ್ಟುಸಿರು ಬಿಟ್ಟು ಮೇಜಿನ ಮೇಲೆ ಗ್ಯಾಸ್ಕೆಟ್ಟುಗಳನ್ನು ಹರಡಿದರು. ಒಂದು ಬಗೆ ತೆಳು ಉಕ್ಕಿನ ಹಾಳೆಗಳನ್ನು ಪದರ ಪದರವಾಗಿ ಜೋಡಿಸಿದ್ದು, ಮಿರಮಿರ ಹೊಳೆಯುವಂಥದ್ದು. ಇನ್ನೊಂದು ಕಪ್ಪಗೆ, ರಟ್ಟಿನ ಹಾಗೆ, ಕಂಪನಿಯವರು ಮೊದಲಿಗೆ ಹಾಕಿ ಕೊಟ್ಟಂಥದ್ದೇ. ಕಪ್ಪಿನದರ ಅಂಚಿನಲ್ಲಿ ಸಣ್ಣ ಕಚ್ಚುಗಳಿದ್ದವು. ಒಂದಕ್ಕೆ ಒಂದು ಕಚ್ಚು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು. ಕಚ್ಚು ಹೆಚ್ಚಿದ್ದಷ್ಟೂ ಮಾಲು ಮೇಲು ಎಂಬುದರಲ್ಲಿ ವ್ಯಾಪಾರಸ್ಥನಾದ ನನಗೆ ಅನುಮಾನವೇ ಬರಲಿಲ್ಲ. ಮೂರು ಕಚ್ಚಿನದ್ದನ್ನು ಎತ್ತಿಕೊಂಡು, ‘ಇದೇ ಇರ್ಲಿ, ಒಳ್ಳೇ ಮಾಲು’ ಅಂದೆ.

‘ಅರೆ ರಾಮಣ್ಣ, ಇದೆಂತ ನಿಮ್ಮ ಕುಕ್ಕರಾ, ಸೀಟಿ ಎಣಿಸೂಕೆ?’ ಎಂದು ಶಬ್ಬೀರ್ ಭಾಯ್ ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ‘ಕಚ್ಚು ಜಾಸ್ತಿ ಅಂದ್ರೆ ದಪ್ಪ ಜಾಸ್ತಿ, ಅಷ್ಟೇ. ದಪ್ಪ ಹಾಕಿದ್ರೆ ಪಿಸ್ಟನ್ನಿಗೂ ಹೆಡ್ಡಿಗೂ ನಡು ಜಾಗ ಜಾಸ್ತಿ, ಬೆಳಿಗ್ಗೆ ಸ್ಟಾರ್ಟ್ ಆಗೂಕೆ ಅಳ್ತದೆ, ಹೊಗೆ ಬಿಡ್ತದೆ. ತೆಳು ಹಾಕಿದ್ರೆ ಪಿಸ್ಟನ್ ಮೇಲೆ ಹೋಗಿ ಹೆಡ್ಡಿಗೆ ಮುತ್ತು ಕೊಡ್ತದೆ. ಎರಡೂ ಕಡೆ ಫಜೀತಿ ನಿಮ್ದೇ.’

ಅವರು ವಿಠ್ಠಲನಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟರು. ಆಮೇಲೆ ನಡೆದದ್ದು ನನ್ನ ಕಾರಿನ ಮಾತುಕತೆಯೇ ಆದರೂ ನನ್ನನ್ನು ಯಾರೂ ಕೇಳಲಿಲ್ಲ. ನಾನು ಹೆಣ್ಣಿನ ಅಪ್ಪನ ಹಾಗೆ ಎರಡೂ ಕಡೆ ನೋಡಿ ನಗುತ್ತ ಚಹಾ ಕುಡಿದೆ. ಟರ್ಬೊ ಗಾಡಿಯಲ್ಲವೇ, ಒತ್ತಡ ಜಾಸ್ತಿ, ಉಕ್ಕಿನದ್ದೇ ಒಳ್ಳೆಯದು ಎಂದು ಶಬ್ಬೀರ್ ಭಾಯ್. ಅದು ಹೌದು, ಹೆಡ್ಡನ್ನು ಕನ್ನಡಿ ಮಾಡಿಸಿಕೊಡುತ್ತೇನೆ, ಆದರೆ ಕೆಳಗಿನ ಬ್ಲಾಕಿನ ಮುಖಕ್ಕೆ ಉಪ್ಪು ಹಿಡಿದು ಸಣ್ಣ ಸಣ್ಣ ಗುಳಿ ಬಿದ್ದಿವೆ, ಉಕ್ಕಿನ ಪದರ ಅದರ ಮೇಲೆ ಕೂರುವುದಿಲ್ಲ, ಸಂದಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ ಎಂದು ವಿಠ್ಠಲ. ಶಬ್ಬೀರ್ ಭಾಯ್ ಕಪ್ಪಿನದನ್ನು ಕೈಗೆತ್ತಿಕೊಂಡು ಕೇಳಿದರು.

‘ಟರ್ಬೊ ಕಂಪನಿ ಕೊಟ್ಟ ಹಾಗೇ ಅದೆಯಲ?’

‘ಹಾಗೇ ಅದೆ. ಅದ್ನ ಮುಟ್ಟೂಕೆ ರಾಮಣ್ಣಂಗೆ ಬರೂದಿಲ್ಲ, ಪುಣ್ಯಕ್ಕೆ.’

‘ಹಾಗಾದ್ರೆ ಕಪ್ಪಿಂದೇ ಸಾಕು. ಗುಳಿ ಸಣ್ಣದಾದ್ರೆ ಅದು ತುಂಬ್ಕಂತದೆ. ಎಷ್ಟು ಕಚ್ಚು?’

‘ಎಲ್ಲ ಪಿಸ್ಟನ್ನೂ ಗೇಜ್ ಇಟ್ಟು ನೋಡಿದ್ದೆ. ಎರಡು ಕಚ್ಚಿಂದು. ಬೋಲ್ಟು ಎಲ್ಲಾ ಹೊಸದೇ ಕೊಡಿ, ಹಳೇದು ಎಳೆದು ಉದ್ದಾಗ್ಯದೆ.’

ಮುಗಿಯಿತು ನಿಶ್ಚಿತಾರ್ಥ. ಹೊಳೆಯುವುದೂ ಅಲ್ಲ, ಮೂರು ಕಚ್ಚಿನದ್ದೂ ಅಲ್ಲ, ನೋಡಲು ಏನೂ ಚೆಂದವಿಲ್ಲದ ಕಪ್ಪು ಗ್ಯಾಸ್ಕೆಟ್ಟನ್ನು ಬಗ್ಗದ ಹಾಗೆ ಎರಡು ರಟ್ಟಿನ ನಡುವೆ ಕಟ್ಟಿಸಿಕೊಂಡು ಕುಮಟಾದ ಬಸ್ಸು ಹತ್ತಿದೆ. ಮಡಿಲಲ್ಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕುಳಿತವರು ದೇವರ ಪಟವೇ ಎಂದು ಕೇಳಿದರು. ಹೌದು ಅಂದೆ.

ಗ್ಯಾರೇಜಿನಲ್ಲಿ ನನಗಿಂತ ಮೊದಲೇ ಮಂಜುಮಾವ ಬಂದು ಕುಳಿತಿದ್ದ. ಉಪ್ಪುನೀರಿನಿಂದಲೇ ಹೀಗಾಯಿತೆಂಬ ಸುದ್ದಿ ಮುಟ್ಟಿ ಅವನಿಗೆ ಭಾರೀ ಬೇಸರವಾಗಿತ್ತು. ಪ್ರಾಯಶ್ಚಿತ್ತಕ್ಕೆಂದು ದೋಣಿಗೆ ಹಾಕುವಂಥ ತಾಮ್ರದ ಗ್ಯಾಸ್ಕೆಟ್ಟನ್ನು ತಾನೇ ಕತ್ತರಿಸಿ ತಂದಿದ್ದ. ‘ತಾಮ್ರದ್ದು ಸಾಯೂದಿಲ್ಲ ತಮಾ. ಒಲೆಯಲ್ಲಿ ಕೆಂಪಗೆ ಕಾಯ್ಸಿ ನೀರಿಗೆ ಅದ್ದಿದ್ರೆ ಮತ್ತೆ ಮೆತ್ತಗೆ ಆಗ್ತದೆ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇದೇ ಸಾಕು.’ ತಾಮ್ರ ಒಳ್ಳೆಯ ಜಾತಿಯದ್ದು. ಅದರ ಮೂಲೆಯಲ್ಲಿದ್ದ ಮುದ್ರೆಯನ್ನು ಬಗ್ಗಿ ನೋಡಿದೆ. ಅದು ನನ್ನ ಅಂಗಡಿಯ ಬಚ್ಚಲು ಹಂಡೆಯ ತಳ!

ವಿಠ್ಠಲ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿ, ‘ಮಂಜಣ್ಣ, ಕೆಲಸ ಚಂದ ಆಗ್ಯದೆ. ಆದ್ರೆ ಇದ್ರಲ್ಲಿ ನೀರಿನ ತೂತೇ ಇಲ್ಲಲ’ ಅಂದ.

‘ಅದಾ? ಅದು ಆಮೇಲೆ ಮಾಡ್ಕಂಡ್ರಾತು.’

ಯಾರೂ ನಗಲಿಲ್ಲ, ಆದರೂ ಮಾವನಿಗೆ ನಕ್ಕಹಾಗಾಯಿತು. ಎದ್ದು ಹೋಗಿ ಹೊರಗೆ ಟೈರಿನ ಮೇಲೆ ಕುಳಿತ. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಸಣ್ಣವನಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದೋಣಿಗೆ ಹತ್ತಿಸಿದ ಬೆನ್ನು ಅದು. ನಾನು ಹೋಗಿ, ‘ಮಾವ, ಮದುವೆ ದಿನ ಕಾರಿನ ಹೂವಿನ ಕೆಲಸ ನಿನ್ದೇ. ನಿನ್ನ ಬಿಟ್ರೆ ಬೇರೆ ಯಾರಿಗೂ ಬರೂದಿಲ್ಲ’ ಅಂದೆ. ಅವನ ಮುಖ ಅರಳಿತು. ದಪ್ಪ ಮದುವೆ ಕಾಗದ ಸಿಕ್ಕಾಗ ಅರಳುತ್ತಿದ್ದಂತೆಯೇ. ತಾಮ್ರದ ತಗಡನ್ನು ನಿರ್ಮಲೆ ಬಿಸಿ ಪಾತ್ರೆ ಇಡಲು ಇಟ್ಟುಕೊಂಡಿದ್ದಾಳೆ, ಹಂಡೆಯ ಸುದ್ದಿ ಅವಳಿಗೆ ಈಗಲೂ ಗೊತ್ತಿಲ್ಲ.

ಕಾರು ಎದ್ದಿತು. ಒಂದು ವಾರ ನಾನು ಕುಮಟಾ ಭಟ್ಕಳ ಸುಮ್ಮನೆ ಓಡಾಡಿದೆ. ಶಾಖದ ಮುಳ್ಳು ನಡುವಿನಲ್ಲಿ ನಿಂತದ್ದು ಅಲ್ಲೇ, ಅಲ್ಲಾಡಲಿಲ್ಲ. ಸಿಳ್ಳೆಯೂ ಮರಳಿತ್ತು. ‘ಏನಾದ್ರೂ ಬಿಸಿ ಏರಿದ್ರೆ ಎಸಿ ಬಂದ್ ಮಾಡಿ ಹೀಟರ್ ಪೂರ್ತಿ ಹಾಕಿ, ಇಂಜಿನ್ನಿನ ಸೆಖೆ ಒಳಗೆ ಎಳ್ಕಂತದೆ’ ಎಂದು ವಿಠ್ಠಲ ಫೋನಿನಲ್ಲಿ ಬುದ್ಧಿ ಹೇಳಿದ. ನಾನು ಕಾಯಿ ತುರಿಯುತ್ತಿದ್ದ ನಿರ್ಮಲೆಯ ಎದುರಿಗೇ ಸ್ಪೀಕರಿನಲ್ಲಿಟ್ಟು ಹೂಂ ಹೂಂ ಎಂದು ಕೇಳಿ, ಅಲ್ಲೇ ಮರೆತೆ.

ಮದುವೆಯ ಬೆಳಿಗ್ಗೆ ಶಿರಾಲಿಯ ಅಕ್ಕನ ಅಂಗಳದಲ್ಲಿ ಕಾರು ನೋಡಿದವರೆಲ್ಲ ಬೆರಗಾದರು. ಮಾವ ಸಮುದ್ರಪೂಜೆಗೆ ದೋಣಿಯ ಮೂತಿ ಸಿಂಗರಿಸುವ ಹಾಗೆ ಸಿಂಗರಿಸಿದ್ದ. ಮುಂದಿನ ಇಡೀ ಮುಖ ಭಟ್ಕಳ ಮಲ್ಲಿಗೆ, ಅಬ್ಬಲಿಗೆ, ನಡುವೆ ಬಾಳೆಎಲೆ ಕತ್ತರಿಸಿ ಮಾಡಿದ ಮೀನು. ಭಾವ ತಮ್ಮ ಬಾಡಿಗೆ ಕಾರಿನಲ್ಲಿ ಮುಂದೆ ಹೋದರು, ‘ನಿಂತ್ರೆ ಫೋನ್ ಮಾಡಿ’ ಎಂದು ಹಲ್ಲು ಕಿರಿದು. ನಾನು ನಡೆಸುವವನು, ಪಕ್ಕದಲ್ಲಿ ನಿರ್ಮಲೆ, ಹಿಂದೆ ಅಶ್ವಿನಿ ಮತ್ತು ಮಂಜುಮಾವ. ಹೆದ್ದಾರಿಗೆ ಬಂದು ಗೇರು ಬದಲಿಸಿದಾಗ ಸಿಳ್ಳೆ ಕೇಳಿ ಅಶ್ವಿನಿ ಕಣ್ಣಲ್ಲಿ ನೀರು ತಂದುಕೊಂಡಳು. ನನಗೂ ಬಂತು.

ಮಂಕಿ ದಾಟುವಾಗ ಮುಳ್ಳು ಅಲುಗಿತು. ಶರಾವತಿ ಸೇತುವೆ ಏರುವಾಗ ಏರಿತು. ನಡು ಸೇತುವೆಗೆ ಬರುವಾಗ ಕೆಂಪು ಗೆರೆಯ ಹತ್ತಿರ. ಹಿಂದೆ ಲಾರಿ, ಮುಂದೆ ಬಸ್ಸು, ಕೆಳಗೆ ಹೊಳೆ, ನಿಲ್ಲಿಸುವ ಹಾಗಿಲ್ಲ. ಗುಜರಿಯವನ ತಕ್ಕಡಿ ಕಣ್ಣೆದುರಿಗೆ ಬಂತು. ನಿರ್ಮಲೆ ಮುಳ್ಳು ನೋಡಿದಳು, ನನ್ನ ಮುಖ ನೋಡಿದಳು, ಕೈ ಚಾಚಿ ಎಸಿ ಬಂದ್ ಮಾಡಿ ಹೀಟರನ್ನು ಕೊನೆಯವರೆಗೆ ತಿರುಗಿಸಿದಳು.

ಏಪ್ರಿಲ್ ತಿಂಗಳು, ಕರಾವಳಿ, ರೇಷ್ಮೆ ಸೀರೆ, ಅದರ ಮೇಲೆ ಹೀಟರ್. ‘ಅತ್ತೇ, ಎಂತದಿದು? ನಾ ಮದುಮಗಳಾ, ಕೊಟ್ಟೆ ಕಡುಬಾ?’ ಎಂದು ಅಶ್ವಿನಿ ಚೀರಿದಳು. ‘ಸುಮ್ನೆ ಕೂತ್ಕ, ಸೇತುವೆ ದಾಟಲಿ’ ಎಂದಳು ನಿರ್ಮಲೆ. ಮುಳ್ಳು ಕೆಂಪಿನ ಅಂಚಿನಲ್ಲಿ ತಡೆದು ನಿಂತಿತು. ಹೊನ್ನಾವರದ ಕಡೆ ಇಳಿದದ್ದೇ, ‘ನಿಲ್ಸಿ. ಇಂಜಿನ್ ಬಂದ್ ಮಾಡ್ಬೇಡಿ’ ಅಂದಳು. ರೇಷ್ಮೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಇಳಿದು ಮುಂದೆ ಹೋಗಿ ನಿಂತವಳು ಅಲ್ಲಿಂದಲೇ ಕೂಗಿದಳು.

‘ಮಾವಾ! ಕಾರಿಗೆ ಉಸಿರಾಡೂಕೆ ಜಾಗ ಎಲ್ಲಿಟ್ಟೀರಿ?’

‘ಎಂತಕೆ? ದೋಣಿಗೆ ಹೀಗೇ ಕಟ್ಟೂದು!’ ಅಂದ ಮಂಜುಮಾವ.

ದೋಣಿಯ ಮೂತಿಗೆ ಗಾಳಿ ಬೇಕಾಗಿಲ್ಲ, ಕಾರಿನ ನೀರು ತಣಿಸುವ ರೇಡಿಯೇಟರ್ ಇರುವುದೇ ಅಲ್ಲಿ. ನಿರ್ಮಲೆ ಮಲ್ಲಿಗೆ, ಅಬ್ಬಲಿಗೆ, ಬಾಳೆಎಲೆಯ ಮೀನು ಎಲ್ಲವನ್ನೂ ಎರಡು ಕೈಯಲ್ಲಿ ಬಾಚಿ ಕಿತ್ತಳು. ನಾನು ಇಳಿದು ನೋಡಿದೆ. ಬಿಳಿ ಹೊಗೆ ಇಲ್ಲ, ನೀರಿನಲ್ಲಿ ಗುಳ್ಳೆ ಇಲ್ಲ. ಮುಳ್ಳು ಮೆಲ್ಲಗೆ ಇಳಿಯಿತು. ಚೆಂದವಿಲ್ಲದ ಕಪ್ಪು ಗ್ಯಾಸ್ಕೆಟ್ ಜಗ್ಗಿರಲಿಲ್ಲ. ಆದರೆ ಕಾರು ದಾರಿಯಲ್ಲಿ ನಿಂತದ್ದಂತೂ ನಿಂತದ್ದೇ. ಮಾತು ಕೊಟ್ಟವನು ನಾನು, ತೆಗೆದುಕೊಂಡವಳು ಅವಳು. ನಾಳೆ ಯಾವ ಹೊತ್ತಿಗೆ ಗುಜರಿಗೆ ಫೋನ್ ಮಾಡುತ್ತಾಳೆ ಎಂದಷ್ಟೇ ಕುಮಟಾ ಮುಟ್ಟುವವರೆಗೂ ನಾನು ಯೋಚಿಸುತ್ತಿದ್ದೆ.

ಮಂಟಪದ ಬಾಗಿಲಲ್ಲೇ ಭಾವ ಕಾದಿದ್ದರು. ‘ಎಂತ ಇಷ್ಟು ತಡ? ನಾ ಹೇಳಿದ್ದೆ ಅಲ್ದಾ? ಕೈಕೊಡ್ತು ಅಲ್ದಾ ದಾರಿಯಲ್ಲಿ?’

ನಿರ್ಮಲೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

‘ಕಾರಿಗೆ ಎಂತ ಆಗ್ತದೆ? ಗುಂಡುಕಲ್ಲಿನ ಹಾಗದೆ. ಮುಡಿಯೂಕೆ ಹೂ ಇರ್ಲಿಲ್ಲ ನಂಗೆ. ಹೊನ್ನಾವರದಲ್ಲಿ ನಾನೇ ನಿಲ್ಸಿ ಅಂದೆ.’

ಅವಳ ಮುಡಿಯಲ್ಲಿ ಒಂದು ಮೊಳ ಅರೆಬೆಂದ ಭಟ್ಕಳ ಮಲ್ಲಿಗೆ ಇತ್ತು. ಯಾವಾಗ ಮುಡಿದಳೋ ನಾನು ನೋಡಿರಲಿಲ್ಲ. ಹತ್ತಿರ ಹೋದರೆ ಡೀಸೆಲ್ ವಾಸನೆ. ಭಾವ ಆ ಹೂವನ್ನೊಮ್ಮೆ, ಬೋಳಾದ ಕಾರಿನ ಮೂತಿಯನ್ನೊಮ್ಮೆ ನೋಡಿ ಒಳಗೆ ನಡೆದರು.

ಮೊನ್ನೆ ಅಂಗಡಿಗೆ ಯಾರೋ ಬಂದು ಮದುವೆ ಕಾಗದ ಕೊಟ್ಟು ಹೋದರು. ನಾನು ಗಿರಾಕಿಗೆ ಕುಕ್ಕರ್ ತೋರಿಸುತ್ತಿದ್ದೆ. ನಿರ್ಮಲೆ ಅದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಿದಳು. ಮೂಲೆ ಮಡಚಿ ಬಿಟ್ಟಳು. ಅದು ಮತ್ತೆ ನೆಟ್ಟಗಾಯಿತು.

‘ಇದು ಆಗ್ತದೆ, ಮಂಜುಮಾವಂಗೆ ಕೊಡಿ’ ಅಂದಳು. ‘ಮೊದ್ಲು ತಾರೀಕು ಓದ್ಕಳಿ.’